ಅರ್ಧ ಗಂಟೆಯ ಶಾಸನ

ನಮ್ಮ ಅತ್ತಿಗೆಗೆ ಸಿಟ್ಟು ಬಂದರೆ ಬಲಗೈ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಹದಿನೇಳು ವರ್ಷ, ದ್ರಾವಣದ ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತಿದ ಬೆರಳು ಅದು. ಆ ಮಂಗಳವಾರ ಮನೆಗೆ ಬಂದು ಚೀಲ ಇಡುವ ಮೊದಲೇ ಬೆರಳು ಮಡಚಿತ್ತು. ಅಣ್ಣ ಮೆಲ್ಲನೆ ಪಾತ್ರೆ ತೊಳೆಯಲು ಹೊರಟ. ಯುದ್ಧಕಾಲದಲ್ಲಿ ಅವನ ಠಾಣೆ ಅದೇ.

ಅತ್ತಿಗೆ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಜೀವಕೋಶದ ಮೈಮೇಲೆ ಗ್ರಾಹಕ ಎಂಬ ಅಣುಗಳಿರುತ್ತವೆ. ಔಷಧ ಬಂದು ಅವನ್ನು ಕಚ್ಚಿಕೊಂಡರೆ ತಾನೇ ಕೆಲಸ. ಎಷ್ಟು ಗಟ್ಟಿಯಾಗಿ ಕಚ್ಚುತ್ತದೆ ಎಂದು ಅಳೆಯುವುದು ಅತ್ತಿಗೆಯ ಕಸುಬು. ಕೋಶದ ಪೊರೆಯನ್ನು ಪುಟ್ಟ ಗುಳಿಗಳ ತಟ್ಟೆಗೆ ಹಾಕಿ, ವಿಕಿರಣದ ಗುರುತು ಹಚ್ಚಿದ ಔಷಧವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಕಾದು, ಸೋಸಿ, ತಣ್ಣನೆಯ ದ್ರಾವಣದಲ್ಲಿ ತೊಳೆದು, ಫಿಲ್ಟರ್ ಕಾಗದದ ಮೇಲೆ ಉಳಿದದ್ದನ್ನು ಯಂತ್ರದಲ್ಲಿ ಎಣಿಸಬೇಕು. ಅರ್ಧದಷ್ಟು ಗ್ರಾಹಕಗಳು ಭರ್ತಿಯಾಗಲು ಔಷಧ ಎಷ್ಟು ಕಡಿಮೆ ಸಾಕೋ ಹಿಡಿತ ಅಷ್ಟು ಗಟ್ಟಿ.

ಈ ವಿಧಿಯಲ್ಲಿ ಕಾಯುವುದಕ್ಕೆ ಒಂದು ಶಾಸನವಿತ್ತು. ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ ಹಾಳೆ: "ಮೂವತ್ತು ನಿಮಿಷ." ಮುಖ್ಯಸ್ಥರು ಮೂರು ಸಲ ಬದಲಾದರು, ಗೋಡೆಯ ಬಣ್ಣ ಎರಡು ಸಲ. ಹಾಳೆಯನ್ನು ಮುಟ್ಟುವ ಎದೆಗಾರಿಕೆ ಇಲ್ಲದೆ ಬಣ್ಣದವನೂ ಅದರ ಸುತ್ತಲೇ ಬಳಿದು ಹೋಗಿದ್ದ.

"ನಲವತ್ತೊಂದನ್ನ ಶುಕ್ರವಾರ ಕೈಬಿಡ್ತಾರಂತೆ!" ಎಂದು ಅತ್ತಿಗೆ ಸಿಡಿದರು. ನಲವತ್ತೊಂದು ಎಂದರೆ ಹೊಸ ಔಷಧದ ಅಣುವಿನ ಸಂಖ್ಯೆ. ಅರ್ಧ ಗಂಟೆಯ ಅಳತೆಯಲ್ಲಿ ಅದರ ಹಿಡಿತ ಬಲು ಸಡಿಲ. "ಇಪ್ಪತ್ತು ನಿಮಿಷಕ್ಕಿಂತ ಮೂವತ್ತಕ್ಕೆ ಎಣಿಕೆ ಜಾಸ್ತಿ ಇದೆ ಮಾವ, ಅದು ಇನ್ನೂ ಅಂಟಿಕೊಳ್ತಾನೇ ಇದೆ. ಸ್ವಲ್ಪ ಹೊತ್ತು ಬಿಡೋಣ ಅಂದ್ರೆ ಮುಖ್ಯಸ್ಥರು ಗೋಡೆ ತೋರಿಸ್ತಾರೆ. ಊಟಕ್ಕೆ ಕೂತವನನ್ನ ಮೊದಲ ತುತ್ತಿಗೇ ಎಬ್ಬಿಸಿ, ಇವನಿಗೆ ಹಸಿವೇ ಇಲ್ಲ ಅಂದ ಹಾಗಾಯ್ತು!"

ಮಾವ ಎಂದರೆ ನಮ್ಮ ಅಪ್ಪ. ಅದೇ ಪ್ರಯೋಗಾಲಯದಲ್ಲಿ, ಅದೇ ಮೇಜಿನ ಮುಂದೆ ದುಡಿದು ನಿವೃತ್ತರಾದವರು. ಅವರು ಯಾಕೋ ಪತ್ರಿಕೆಯ ಹಿಂದೆ ಇನ್ನಷ್ಟು ಮರೆಯಾದರು.

"ಮಾವ, ಆ ಹಾಳೆ ಬರೆದೋರು ಯಾರು?"

"ನಾನೇ ಕಣಮ್ಮ."

"ಯಾವ ಆಧಾರದ ಮೇಲೆ?"

ಪತ್ರಿಕೆ ಕೆಳಗಿಳಿಯಿತು. "ಕಾಫಿ ಆಧಾರದ ಮೇಲೆ. ಆಗಿನ ಔಷಧ ಐದೇ ನಿಮಿಷಕ್ಕೆ ಅಂಟಿಕೊಂಡು ಸುಮ್ಮನಾಗ್ತಿತ್ತು. ಉಳಿದ ಇಪ್ಪತ್ತೈದು ನಿಮಿಷ ನಾನು ಕ್ಯಾಂಟೀನಿಗೆ ಹೋಗಿ ಬರೋಕೆ. ಮೂರು ಮಹಡಿ ಇಳಿದು ಹತ್ತಬೇಕಲ್ಲ!"

ಒಳಗೆ ಅಣ್ಣನ ಕೈಯಿಂದ ಲೋಟ ಜಾರಿತು.

ಬುಧವಾರ ಬೆಳಿಗ್ಗೆ ಅತ್ತಿಗೆ ಶಾಸನ ಮುರಿದರು. ಅರ್ಧ, ಒಂದು, ಎರಡು, ನಾಲ್ಕು, ಆರು ಗಂಟೆ ಎಂದು ಐದು ತಟ್ಟೆ ಹೂಡಿದರು. ಪೊರೆ ಕೆಟ್ಟಿತೆಂದು ಯಾರೂ ಕೊಂಕು ತೆಗೆಯದಿರಲಿ ಎಂದು ಪ್ರತಿ ತಟ್ಟೆಯಲ್ಲೂ ಅಪ್ಪನ ಕಾಲದ ಹಳೆಯ ಔಷಧಕ್ಕೂ ಒಂದು ಸಾಲು. ಹಳೆಯದು ಐದರಲ್ಲೂ ಒಂದೇ ಅಳತೆ ಕೊಟ್ಟಿತು. ನಲವತ್ತೊಂದು ಬಿಗಿಯಾಗುತ್ತಲೇ ಹೋಗಿ, ನಾಲ್ಕನೆಯ ಗಂಟೆಗೆ ನಿಂತಿತು. ಹಿಡಿತ ಹತ್ತು ಪಟ್ಟು!

ಶುಕ್ರವಾರದ ಸಭೆಯಲ್ಲಿ ಮುಖ್ಯಸ್ಥರು ಅತ್ತಿಗೆಯ ಅಳತೆಯ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. "ನಿಯಮ ಮೀರಿದ ಅಳತೆ ಲೆಕ್ಕಕ್ಕಿಲ್ಲಮ್ಮ."

"ನಿಯಮ ಮಾಡಿದೋರನ್ನೇ ಕರ್ಕೊಂಡು ಬಂದಿದೀನಿ ಸರ್."

ಕೊರಳಲ್ಲಿ ಸಂದರ್ಶಕರ ಚೀಟಿ ತೂಗಿಸಿಕೊಂಡು ಅಪ್ಪ ಒಳಬಂದರು. ಇಸ್ತ್ರಿ ಮಾಡಿದ ಅಂಗಿ, ದಂಡನಾಯಕನ ನಡಿಗೆ. ಕಾಫಿಯ ಇತಿಹಾಸವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. "ಈಗ ಲಿಫ್ಟ್ ಇದೆಯಂತೆ. ಹತ್ತು ನಿಮಿಷ ಸಾಕು," ಎಂದು ತಿದ್ದುಪಡಿಯನ್ನೂ ಸೂಚಿಸಿದರು. ಮುಖ್ಯಸ್ಥರು ಸರಿಸಿದ್ದ ಹಾಳೆಗಳನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ನಲವತ್ತೊಂದು ಉಳಿಯಿತು.

ಸೋಮವಾರ ಗೋಡೆಯ ಮೇಲೆ ಸಹಿ, ಮುದ್ರೆ ಸಮೇತ ಹೊಸ ಹಾಳೆ: "ನಾಲ್ಕು ಗಂಟೆ."

"ಸರ್, ನಾಲ್ಕು ಯಾಕೆ?"

"ನೀವೇ ಹೇಳಿದ್ದಲ್ವಾ?"

"ಅದು ನಲವತ್ತೊಂದಕ್ಕೆ. ನಲವತ್ತೆರಡನ್ನ ಇನ್ನೂ ಕೇಳಿಲ್ಲ."

"ಕೇಳೋದಾ? ಔಷಧಾನಾ?"

"ಮತ್ತೆ ಗೋಡೇನಾ?"

ಮುಖ್ಯಸ್ಥರಿಗೆ ತುರ್ತು ಕರೆ ಬಂತು. ಫೋನ್ ಮಾತ್ರ ಸದ್ದು ಮಾಡಿರಲಿಲ್ಲ.

ಅತ್ತಿಗೆ ಫ್ರೀಜರ್ ತೆರೆದರು. ತಳದಲ್ಲಿ "ಸಡಿಲ" ಎಂದು ಚೀಟಿ ಅಂಟಿಸಿದ ಡಬ್ಬಿ. ಅರ್ಧ ಗಂಟೆಯಲ್ಲಿ ಸೋತು ಬಂದ ಇಪ್ಪತ್ತಾರು ಅಣುಗಳ ಸೆರೆಮನೆ. ಹನ್ನೊಂದು ಸೀಸೆಗಳ ಮೇಲೆ "ಬೇಡ" ಎಂದು ಬರೆದ ಅಕ್ಷರ ತಮ್ಮದೇ. ಹೆಬ್ಬೆರಳು ಮಡಚಿಕೊಂಡಿತು. ಈ ಸಲ ಬೈಯಲು ಎದುರಿಗೆ ಯಾರೂ ಇರಲಿಲ್ಲ.

ಆ ಹನ್ನೊಂದನ್ನೇ ಮೊದಲು ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.