ಖುದ್ದು ಹಾಜರಿ

ಆರಾಧನೆಯ ನಡುವೆ ಕಾಫಿ ಕುಡಿಯಬಹುದೆಂಬ ಸತ್ಯ ನನಗೆ ಗೋಚರಿಸಿದ್ದು ಅರವತ್ತು ದಾಟಿದ ಮೇಲೆ. ಕೊರೋನಾ ಕಾಲದಲ್ಲಿ ಚರ್ಚಿನ ಬಾಗಿಲು ಮುಚ್ಚಿ, ನಮ್ಮ ಸಭಾಪಾಲಕರಾದ ಅಯ್ಯನವರು ಮೊಬೈಲಿನೊಳಗೆ ಪ್ರತ್ಯಕ್ಷರಾದಾಗ, ನಂಜನಗೂಡಿನ ನಮ್ಮ ಮನೆಯ ಹಜಾರದಲ್ಲಿ ಪಂಚೆಯುಟ್ಟು, ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಲೋಟ ಹಿಡಿದು ಕೂತ ನನಗೆ, ಭಕ್ತಿಗೂ ಬೆನ್ನುನೋವಿಗೂ ಯಾವ ಅನಿವಾರ್ಯ ಸಂಬಂಧವೂ ಇಲ್ಲವೆಂಬುದು ಮನದಟ್ಟಾಯಿತು. ಚರ್ಚಿನ ಬೆಂಚುಗಳನ್ನು ಮಾಡಿದ ಬಡಗಿಗೆ ಮನುಷ್ಯನ ಪಾಪದ ಅರಿವು ಇದ್ದಷ್ಟು ಬೆನ್ನೆಲುಬಿನ ಅರಿವು ಇದ್ದಂತಿಲ್ಲ. ರೋಗ ಹೋಯಿತು, ಬಾಗಿಲು ತೆರೆಯಿತು, ಹೆಂಡತಿ ಸೀರೆಯುಟ್ಟು ಹೊರಟಳು. ನಾನು ಮಾತ್ರ ಕುರ್ಚಿಯಲ್ಲೇ ಉಳಿದೆ.

ಇದರಲ್ಲಿ ಒಂದು ವಿಪರ್ಯಾಸವಿದೆ. ನನ್ನ ಸರ್ವೀಸೆಲ್ಲ ಕಳೆದದ್ದು ತಾಲ್ಲೂಕು ಕಚೇರಿಯಲ್ಲಿ. 'ಖುದ್ದಾಗಿ ಹಾಜರಾಗತಕ್ಕದ್ದು' ಎಂದು ನೋಟೀಸು ಕಳಿಸಿ, ಕವಲಂದೆಯಿಂದಲೂ ತಗಡೂರಿನಿಂದಲೂ ರೈತರನ್ನು ಬಿಸಿಲಲ್ಲಿ ಬರಮಾಡಿಕೊಂಡವನು ನಾನು. ಪರಮಾತ್ಮನ ಕಚೇರಿಯ ವಿಚಾರ ಬಂದಾಗ ಮಾತ್ರ ಈ ನಿಯಮಕ್ಕೆ ವಿನಾಯಿತಿ ಇದೆಯೆಂದು ವಾದಿಸತೊಡಗಿದೆ. ದೇವರು ಸರ್ವಾಂತರ್ಯಾಮಿ, ಎಲ್ಲೆಲ್ಲೂ ಇರುವವನನ್ನು ಕಾಣಲು ಒಂದು ನಿರ್ದಿಷ್ಟ ಕಟ್ಟಡಕ್ಕೆ ನಡೆದು ಹೋಗುವುದೇ ಒಂದು ಬಗೆಯ ಅವಿಶ್ವಾಸವಲ್ಲವೇ ಎಂದು ಹೆಂಡತಿಯನ್ನು ಕೇಳಿದೆ. ಆಕೆ, "ಕುಕ್ಕರ್‌ನಲ್ಲಿ ಬೇಳೆ ಇಟ್ಟಿದ್ದೀನಿ, ಮೂರು ಕೂಗಿದ್ರೆ ಆರ್ಸಿ" ಎಂದಷ್ಟೇ ಹೇಳಿ ಹೋದಳು. ದೈವಮೀಮಾಂಸೆಗೆ ಇದಕ್ಕಿಂತ ಸಂಕ್ಷಿಪ್ತವಾದ ಖಂಡನೆಯನ್ನು ನಾನು ಕೇಳಿಲ್ಲ.

ಹೀಗಿರುವಾಗ ಟಿ. ನರಸೀಪುರದಲ್ಲಿರುವ ನನ್ನ ಅಕ್ಕ ಎಸ್ತರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು, ಮನೆಗೆ ಬಂದಳು, ವಾಕರ್ ಹಿಡಿದು ಹಾಸಿಗೆಯಿಂದ ಹಜಾರದವರೆಗೆ ನಡೆಯುವಷ್ಟಾದಳು. ಚರ್ಚು ಅವಳ ಮನೆಯಿಂದ ಎರಡು ಬೀದಿ ಆಚೆಗೆ. ಅಲ್ಲಿಯ ಅಯ್ಯನವರೂ ಈಗ ಆರಾಧನೆಯನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ಸೊಸೆ ಲೀಲಾ ಭಾನುವಾರ ಕ್ವಯರಿನಲ್ಲಿ ಹಾಡಬೇಕು. ಮಗನಿಗೆ ಭಾನುವಾರವೂ ಡ್ಯೂಟಿ. ಹಾಗಾಗಿ ಅಕ್ಕನಿಗೆ ಮೊಬೈಲ್ ಆರಾಧನೆಯ ದೀಕ್ಷೆ ಕೊಡುವ ಭಾರವನ್ನು ನಾನೇ ಹೊತ್ತೆ. ನೀವೇ ಯೋಚಿಸಿ: ನಡೆದು ಹೋಗಬಹುದಾದ ನಮ್ಮೂರ ಚರ್ಚಿಗೆ ಹೋಗದವನು, ಅಕ್ಕ ತನ್ನೂರ ಚರ್ಚಿಗೆ ಹೋಗದೆ ಇರಲು ನೆರವಾಗಲೆಂದು ಪ್ರತಿ ಭಾನುವಾರ ಬೆಳಗಿನ ಬಸ್ಸು ಹಿಡಿಯತೊಡಗಿದೆ.

ಆ ಮನೆಯಲ್ಲಿ ಚರ್ಚಿನ ಗಂಟೆ ಎರಡು ಸಲ ಕೇಳಿಸುತ್ತಿತ್ತು. ಮೊದಲು ಕಿಟಕಿಯಿಂದ, ಸ್ವಲ್ಪ ಹೊತ್ತಿನ ಮೇಲೆ ಮೊಬೈಲಿನಿಂದ. ಅಕ್ಕ ಕಿಟಕಿಯ ಗಂಟೆಗೆ ತಲೆಯ ಮೇಲೆ ಸೆರಗು ಹೊದ್ದು, ಮೊಬೈಲಿನ ಗಂಟೆಯನ್ನು ಅನುಮಾನದಿಂದ ನೋಡುತ್ತಿದ್ದಳು. "ಅಲ್ಲಿ ಮುಗ್ದೋದ್ಮೇಲೆ ಇಲ್ಲಿ ಬತ್ತದಲ್ಲೋ ದಾಸ" ಎಂದಳು. ದೇವರಿಗೆ ಸಾವಿರ ವರ್ಷವೂ ಒಂದು ದಿನದಂತೆ, ಈ ಅಂತರ ಯಾವ ಲೆಕ್ಕ ಎಂದು ನಾನು ಸಮಾಧಾನ ಹೇಳಿದೆ.

ಸಮಾಧಾನವೆಂಬ ಮಾತಿನಲ್ಲೇ ತೊಡಕಿತ್ತು. ನಮ್ಮ ಆರಾಧನೆಯಲ್ಲಿ ಒಂದು ಘಟ್ಟ ಬರುತ್ತದೆ. "ಒಬ್ಬರಿಗೊಬ್ಬರು ಸಮಾಧಾನವನ್ನು ಹಂಚಿಕೊಳ್ಳಿ" ಎಂದು ಅಯ್ಯನವರು ಹೇಳುತ್ತಾರೆ. ಆಗ ಪಕ್ಕದಲ್ಲಿ ಕೂತವರ ಕೈಯನ್ನು ನಮ್ಮ ಎರಡೂ ಕೈಗಳ ನಡುವೆ ಹಿಡಿದುಕೊಳ್ಳಬೇಕು. ಮೊದಲ ಭಾನುವಾರ ಮೊಬೈಲಿನಿಂದ ಆ ಮಾತು ಬಂದ ಕೂಡಲೇ ಅಕ್ಕ ಕಣ್ಣು ಮುಚ್ಚಿಕೊಂಡೇ ಎಡಕ್ಕೆ ತಿರುಗಿ ಎರಡೂ ಕೈ ಚಾಚಿದಳು. ಎಡಕ್ಕೆ ಕಿಟಕಿಯಿತ್ತು. ನಾನಿದ್ದದ್ದು ಬಲಕ್ಕೆ, ಕಾಫಿ ಲೋಟದೊಂದಿಗೆ. ಲೋಟ ಕೆಳಗಿಟ್ಟು ನಾನು ಎದ್ದು ಬರುವಷ್ಟರಲ್ಲಿ ಆಕೆ ಕೈ ಮಡಿಲಿಗೆ ಎಳೆದುಕೊಂಡು ಪ್ರಾರ್ಥನೆಗೆ ತಲೆ ಬಗ್ಗಿಸಿದ್ದಳು.

ಎಡಕ್ಕೇ ಏಕೆ ಎಂಬುದು ನನಗೆ ಗೊತ್ತಿತ್ತು. ಚರ್ಚಿನಲ್ಲಿ ಅಕ್ಕನ ಎಡಕ್ಕೆ ಕೂರುವವಳು ಅವಳ ಓರಗಿತ್ತಿ, ಭಾವನ ತಮ್ಮನ ಹೆಂಡತಿ ಸುಗುಣಮ್ಮ. ಇಬ್ಬರೂ ಈಗ ವಿಧವೆಯರು. ಸುಗುಣಮ್ಮ ಮೂಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಲೀಲಾಳನ್ನು ಮನೆ ತುಂಬಿಸಿಕೊಂಡ ಮದುವೆಯಲ್ಲಿ, ಕೆಲಸದ ಗಡಿಬಿಡಿಯಲ್ಲಿ ಅಕ್ಕ, ಓರಗಿತ್ತಿಯ ಮನೆಗೆ ತಾನೇ ಹೋಗಿ ನಮ್ಮ ಕ್ರೈಸ್ತರಲ್ಲಿ ಕುಂಕುಮವಿಲ್ಲದಿದ್ದರೂ ಹೂವಿಟ್ಟು ಕರೆಯುವ ಬದಲು, ಮೂಗೂರಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿಬಿಟ್ಟಳು. ಸುಗುಣಮ್ಮ ಮದುವೆಗೆ ಬಂದಳು, ಕೊನೆಯ ಸಾಲಿನಲ್ಲಿ ಕೂತಳು, ಊಟ ಮಾಡದೆ ಹೋದಳು. ಲೀಲಾಳ ಮಗಳು ಈಗ ಹೈಸ್ಕೂಲು. ಅಂದಿನಿಂದ ಆ ಇಬ್ಬರ ನಡುವೆ ಮಾತಿಲ್ಲ, ಹೋಗಿ ಬರುವುದಿಲ್ಲ. ಆದರೆ ಚರ್ಚಿನಲ್ಲಿ ಮನೆತನದವರು ಕೂರುವ ಹಳೆಯ ಬೆಂಚನ್ನು ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲ, ಬಿಟ್ಟವಳು ಸೋತಂತೆ. ಅಕ್ಕಪಕ್ಕ ಕೂತರು, ಒಂದೇ ಕೀರ್ತನೆ ಹಾಡಿದರು, ಅಯ್ಯನವರು ಹೇಳಿದಾಗ ಮುಖ ನೋಡದೆ ಕೈ ಹಿಡಿದರು, ಬಿಟ್ಟರು. ವಾರಕ್ಕೊಮ್ಮೆ ದೇವರ ಅಪ್ಪಣೆಯ ಮೇರೆಗೆ ನಡೆಯುವ ಈ ಕೈಮಿಲನವನ್ನು ನಾನು ಒಮ್ಮೆ ಅಕ್ಕನೆದುರು ಹಾಸ್ಯ ಮಾಡಿದ್ದೆ. ಆಕೆ ನಕ್ಕಿರಲಿಲ್ಲ.

ಕೆಲವು ವಾರಗಳು ಮೊಬೈಲಿನಲ್ಲೇ ಕಳೆದವು. ಒಂದು ಭಾನುವಾರ ನಾನು ಹೋದಾಗ ಅಕ್ಕ ಬಿಳಿ ಸೀರೆಯುಟ್ಟು ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಆಟೋ ಕರಿ."

"ಡಾಕ್ಟ್ರು ಇನ್ನೂ ಒಂದಷ್ಟು ದಿನ..."

"ಡಾಕ್ಟ್ರು ನಡಿ ಅಂದವ್ರೆ. ಎಲ್ಲಿಗೆ ಅಂತ ಅಂದಿಲ್ಲ. ಕರಿ ಕಣ್ಲಾ."

ಚರ್ಚಿನ ಮೆಟ್ಟಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಒಂದು ಕಡೆ ಆಟೋದವನು, ಇನ್ನೊಂದು ಕಡೆ ನಾನು ಎತ್ತಿದೆವು. ನನ್ನ ಕಡೆ ಕುರ್ಚಿ ವಾಲಿದ್ದರಿಂದ ಅಕ್ಕ ಪರಲೋಕದ ದಾರಿಯನ್ನು ಇನ್ನಷ್ಟು ಸಮೀಪದಿಂದ ಕಂಡಿರಬೇಕು. ಒಳಗೆ ಹಳೆಯ ಬೆಂಚು ಖಾಲಿಯಾಗಿತ್ತು. ಕ್ವಯರಿನಿಂದ ಓಡಿ ಬಂದ ಲೀಲಾಳನ್ನು ಅಕ್ಕ ಕಣ್ಣಲ್ಲೇ ಕೇಳಿದಳು.

"ಚಿಕ್ಕತ್ತೆ ಬರ್ತಿಲ್ಲ ಅತ್ತೆ," ಎಂದಳು ಲೀಲಾ. "ನೀವು ಬಿದ್ಮೇಲೆ ಒಂದೆರಡು ವಾರ ಬಂದ್ರು. ಒಬ್ರೇ ಕೂತು ಹೋದ್ರು. ಈಗ ಊರಲ್ಲೇ ಮೊಬೈಲಲ್ಲಿ ನೋಡ್ತಾರಂತೆ."

ಆರಾಧನೆಯನ್ನು ತೋರಿಸಲೆಂದು ನಡುವೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಫೋನನ್ನು ಅಕ್ಕ ನೋಡಿದಳು. "ಅದು ಎತ್ತಗ್ ನೋಡ್ತದೆ?"

"ಅಯ್ಯನವರನ್ನ. ಮುಂದಿನ ಬೆಂಚೂ ಕಾಣುತ್ತೆ."

"ಅಂಗಾರೆ ನನ್ನ ಮುಂದಿನ ಬೆಂಚಲ್ಲಿ ಕೂರ್ಸಿ."

ಜೀವಮಾನವಿಡೀ ನಾಲ್ಕನೆಯ ಸಾಲಿನ ಹಿಂದೆಯೇ ಕೂತವಳು ಇಂದು ಮುಂದಿನ ಬೆಂಚಿಗೆ ಬಡ್ತಿ ಬಯಸಿದ್ದನ್ನು ಮುಪ್ಪಿನ ಚಾಪಲ್ಯವೆಂದೇ ನಾನು ತಿಳಿದೆ. ಕೂರಿಸಿ, ಗಂಡಸರ ಕಡೆಗೆ ಬಂದೆ. ಇಡೀ ಬೆಂಚಿನಲ್ಲಿ ಅವಳೊಬ್ಬಳೇ. ಒರಗುವ ಹಲಗೆ ಸೊಂಟಕ್ಕೆ ಎಟುಕದಷ್ಟು ಹಿಂದಿದ್ದ ಬೆಂಚು ಅದು. ಸೊಂಟ ನೋಯುತ್ತಿದ್ದದ್ದು ಅವಳ ಕೊರಳಿನ ನರದಲ್ಲಿ ಕಾಣುತ್ತಿತ್ತು. ಸಮಾಧಾನದ ಹೊತ್ತು ಬಂದಾಗ ಹಿಂದಿನವರು ಬಗ್ಗಿ ಅವಳ ಭುಜ ಮುಟ್ಟಿದರು. ಅವಳು ತಿರುಗಲಿಲ್ಲ. ಖಾಲಿಯಿದ್ದ ಎಡಗಡೆಗೆ ಎರಡೂ ಕೈ ಚಾಚಿ, ಎಲ್ಲರೂ ಕೂರುವ ತನಕ ಹಾಗೆಯೇ ಹಿಡಿದಿದ್ದಳು. ನನಗೆ ಮುಜುಗರವಾಯಿತು. ಅಭ್ಯಾಸಬಲ ಎಂದುಕೊಂಡೆ.

ಮುಂದಿನ ಭಾನುವಾರ ಮತ್ತೆ ಆಟೋ, ಮತ್ತೆ ಕುರ್ಚಿ, ಮತ್ತೆ ಅದೇ ಬೆಂಚು. ಎರಡನೆಯ ಕೀರ್ತನೆಯ ನಡುವೆ ಬಾಗಿಲಲ್ಲಿ ನೆರಳಾಯಿತು. ಮೂಗೂರಿನ ಬಸ್ಸು ತಡವಾಗಿತ್ತೋ ಏನೋ, ಸುಗುಣಮ್ಮ ಏದುಸಿರು ಬಿಡುತ್ತ, ಕಂಕುಳಲ್ಲಿ ದೊಡ್ಡ ಕೈಚೀಲ ಅವುಚಿಕೊಂಡು ಒಳಗೆ ಬಂದಳು. ಹಳೆಯ ಬೆಂಚಿನ ಬಳಿ ನಿಲ್ಲಲಿಲ್ಲ. ಎಲ್ಲರ ನಡುವೆ ಮುಂದಕ್ಕೆ ನಡೆದು ಹೋಗಿ, ಚೀಲದಿಂದ ಒಂದು ಹತ್ತಿಯ ದಿಂಬು ತೆಗೆದಳು. ಒರಗುವ ಹಲಗೆಗೂ ಅಕ್ಕನ ಸೊಂಟಕ್ಕೂ ನಡುವೆ ಅದನ್ನು ಒತ್ತಿ, ಸರಿಯಾಗಿ ಕೂತಿತೇ ಎಂದು ಕೈಯಿಂದ ತಟ್ಟಿ ನೋಡಿ, ಎಡಕ್ಕೆ ಕೂತಳು. ಹಾಡು ನಡೆದೇ ಇತ್ತು. ಲೀಲಾಳ ದನಿ ಮಾತ್ರ ಒಂದು ಸಾಲು ತಪ್ಪಿತು.

ಸಮಾಧಾನದ ಹೊತ್ತಿನಲ್ಲಿ ಅವರು ಕೈ ಹಿಡಿದವರು ಬಿಡಲಿಲ್ಲ. ಅಯ್ಯನವರು ಮುಂದಿನ ಭಾಗಕ್ಕೆ ಹೋಗಬೇಕಿತ್ತು. ತಮ್ಮ ಎದುರಿಗೇ ನಡೆಯುತ್ತಿದ್ದದ್ದನ್ನು ನೋಡಿ ಕನ್ನಡಕ ತೆಗೆದು ಒರೆಸತೊಡಗಿದರು. ಆ ಮೌನದಲ್ಲಿ ಇಬ್ಬರ ಮಾತೂ ಗಂಡಸರ ಬೆಂಚಿನವರೆಗೆ ಕೇಳಿಸಿತು.

"ದಿಂಬ ಯಾರ ಕೈಲಾರ ಕಳಿಸಬೋದಿತ್ತು," ಎಂದಳು ಅಕ್ಕ.

"ಕಳ್ಸೋ ಬುದ್ಧಿ ನಿಮ್ದು ಅಕ್ಕ. ನಂದಲ್ಲ."

ಅಕ್ಕ ಮೊದಲು ತುಟಿ ಕಚ್ಚಿದಳು. ಆಮೇಲೆ ಅವಳ ಭುಜ ಕುಲುಕಿತು. ನಗುತ್ತಿದ್ದಾಳೆಂದು ತಿಳಿಯಲು ನನಗೆ ಕೊಂಚ ಸಮಯ ಬೇಕಾಯಿತು, ಏಕೆಂದರೆ ಕಣ್ಣೊರೆಸಿಕೊಳ್ಳಲು ಅವಳ ಕೈಗಳು ಬಿಡುವಾಗಿರಲಿಲ್ಲ.

ಕ್ರೈಸ್ತನಾದವನು ಚರ್ಚಿಗೆ ಹೋಗಲೇಬೇಕೇ ಎಂಬ ಪ್ರಶ್ನೆಯನ್ನು ಬಲ್ಲವರು ಬಿಡಿಸಲಿ. ದೇವರಿಗೆ ನಮ್ಮನ್ನು ಕಾಣಲು ಮುಂದಿನ ಬೆಂಚು ಬೇಕಿಲ್ಲವೆಂದು ನಾನು ಈಗಲೂ ನಂಬುತ್ತೇನೆ. ಆದರೆ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಾರದ ಇಬ್ಬರು ಹೆಂಗಸರಿಗೆ ನರಸೀಪುರದಲ್ಲಿ ಇದ್ದದ್ದು ಚರ್ಚಿನದೊಂದೇ ಹೊಸ್ತಿಲು, ಇಬ್ಬರದೂ ಅಲ್ಲದ್ದು.

ಆರಾಧನೆ ಮುಗಿದು ಕುರ್ಚಿ ಎತ್ತಲು ನಾನು ಹೋದಾಗ ಸುಗುಣಮ್ಮ ಚೀಲ ಹೆಗಲಿಗೇರಿಸಿ, "ಬತ್ತೀನಿ, ಬಸ್ಸಿಗೆ ಹೊತ್ತಾಯ್ತದೆ" ಎನ್ನುತ್ತಿದ್ದಳು. ಅಕ್ಕ ನನ್ನ ಕೈಯನ್ನು ತಳ್ಳಿ, ವಾಕರ್ ಊರಿ, ನಡುಗುತ್ತ ತಾನೇ ಎದ್ದು ನಿಂತಳು. ನಿಂತು ನೆಟ್ಟಗಾದ ಮೇಲೆ ಹೇಳಿದಳು:

"ಸುಗುಣ, ಊಟಕ್ಕೆ ಮನೆಗೆ ಬಾ. ನಾನೇ ಕರೀತಾ ಇವ್ನಿ."