ಸೊಂಟಕ್ಕೆ ಕಟ್ಟಿದ ಹಗ್ಗ

ನಾನು ಕೂಗಿದೆನೋ ಇಲ್ಲವೋ, ಇಷ್ಟು ವರ್ಷಗಳಾದರೂ ಖಚಿತವಿಲ್ಲ. ಗೆಳೆಯ ಹಮೀದ್‌ಭಾಯಿಯ ಹೆಸರು ಹಿಡಿದು ಎರಡು ಸಲ ಕೂಗಿದ ನೆನಪು ನನಗಿದೆ. ಸದ್ದೇ ಬರಲಿಲ್ಲ ಎನ್ನುತ್ತಾರೆ ಅವರು.

ಕುವೈತ್‌ನ ಫಿಂಟಾಸ್‌ನಲ್ಲಿ ದಡಕ್ಕೆಳೆದಿಟ್ಟ ಹಳೆಯ ಉಕ್ಕಿನ ದೋಣಿಯೊಂದರ ಒಳಭಾಗವನ್ನು ನಾವಿಬ್ಬರೂ ಶುಕ್ರವಾರಗಳಂದು ಹೊಸದು ಮಾಡುತ್ತಿದ್ದೆವು. ಅಂದು ಮಲಗುವ ಹಲಗೆಗಳನ್ನು ಕಿತ್ತಾಗ ಕೆಳಗೆ, ವರ್ಷಗಳಿಂದ ಮುಚ್ಚಿದ್ದ ಕೋಣೆಯೊಂದರ ಮುಚ್ಚಳ ಸಿಕ್ಕಿತು. ಒಳಗೆ ನೀರಿಲ್ಲ, ವಾಸನೆಯಿಲ್ಲ, ಬರೀ ತುಕ್ಕು. ಕೆರೆದು ತೆಗೆಯಲು ಇಳಿಯಹೊರಟೆ.

“ಹಗ್ಗ ಕಟ್ಟದೆ ಇಳಿಯಬೇಡಿ ಮಾರಾಯ್ರೇ,” ಎಂದರು ಹಮೀದ್‌ಭಾಯಿ. ಉಳ್ಳಾಲದಲ್ಲಿ ಅವರ ತಂದೆ ಬಾವಿಗಿಳಿದು ಕೆಸರೆತ್ತುವವರು.

“ಇದು ಬಾವಿಯಾ? ಒಣ ಕಬ್ಬಿಣದ ಡಬ್ಬ.”

“ಹೌದೌದು, ಎಂಎಸ್ಸಿ ಓದಿದವರಿಗೆ ಗಾಳಿಯೂ ಬೇಡ! ಮೊದಲು ಕಟ್ಟಿ.”

ಅವರ ಬಾಯಿ ಮುಚ್ಚಿಸಲು ಕಟ್ಟಿಕೊಂಡೆ. ಇಳಿದು, ಬಗ್ಗಿ, ನಾಲ್ಕು ಸಲ ಕೆರೆದಿರಬೇಕು. ಉಸಿರು ಕಟ್ಟಲಿಲ್ಲ, ಕೆಮ್ಮೂ ಬರಲಿಲ್ಲ. ಮೊಣಕಾಲುಗಳು ಮಾತ್ರ ನನ್ನವಲ್ಲ ಎನಿಸಿತು. ತಲೆಯ ಮೇಲಿನ ಬೆಳಕಿನ ಚೌಕ ಕಿರಿದಾಗುತ್ತಾ ಹೋಯಿತು. ಕೈ ಎತ್ತಬೇಕೆಂದುಕೊಂಡೆ, ಕೈ ಏಳಲಿಲ್ಲ. ಸಾಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ತಿಳಿಯಿತು.

ಮುಂದಿನ ನೆನಪು, ಮೇಲೆ ನನ್ನ ಕೆನ್ನೆಗೆ ಬಡಿಯುತ್ತಿದ್ದ ಹಮೀದ್‌ಭಾಯಿ. ಕೆರೆಯುವ ಸದ್ದು ನಿಂತದ್ದೇ ಹಗ್ಗ ಎಳೆದರಂತೆ.

ಆ ಕೂಗಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಆಮೇಲೆ ಪುಸ್ತಕ ತೆಗೆದು ಒಂದನ್ನು ಖಾತರಿ ಮಾಡಿಕೊಂಡೆ: ಮುಚ್ಚಿಟ್ಟ ಉಕ್ಕಿನ ಕೋಣೆಯಲ್ಲಿ ತುಕ್ಕು ಹಿಡಿಯುತ್ತಾ ಹೋದಂತೆ, ಒಳಗಿನ ಗಾಳಿಯ ಆಮ್ಲಜನಕವನ್ನು ಆ ಕಬ್ಬಿಣವೇ ಎಳೆದುಕೊಂಡುಬಿಡುತ್ತದೆ.