ಎರಡು ಕುದಿ

ಶಂಖದ ಮಾಂಸಕ್ಕೆ ಎರಡೇ ಎರಡು ಕುದಿ ಸಾಕು. ಮೂರನೆಯದು ಬಂತೆಂದರೆ ಅದು ಚಪ್ಪಲಿಯ ಅಟ್ಟೆ. ಹಾಗೆ ಗಟ್ಟಿಯಾಗಿಹೋದದ್ದನ್ನು ಮತ್ತೆ ಮೆತ್ತಗಾಗಿಸಲು ಎರಡು ಗಂಟೆ ಸಣ್ಣ ಬೆಂಕಿ ಬೇಕು. ಎರಡು ಕುದಿ, ಇಲ್ಲವಾದರೆ ಎರಡು ಗಂಟೆ; ನಡುವೆ ಇಳಿಸಿದ್ದನ್ನು ನಾಯಿಯೂ ಮೂಸುವುದಿಲ್ಲ. ಇದನ್ನು ನನಗೆ ಕಲಿಸಿದವಳು ಅಮ್ಮ. ಕಾರ್ಕಳದ ಆ ಮನೆಯವರಿಗೆ ಕಲಿಸಲು ಮಾತ್ರ ಅವಳಿಂದ ಆಗಲಿಲ್ಲ. ಆ ಮನೆಯ ಅಡುಗೆಕೋಣೆಗೆ ಮೀನಿನವರು ಕಾಲಿಡುವ ಕ್ರಮ ಇರಲಿಲ್ಲ.

ನಮ್ಮದು ಎರ್ಮಾಳು. ಅಪ್ಪನಿಗೆ ರಂಪಣಿಯಲ್ಲಿ, ಅಂದರೆ ದಡದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆಯಲ್ಲಿ, ಒಂದು ಪಾಲಿತ್ತು. ಅಮ್ಮ ಪಡುಬಿದ್ರಿಯಿಂದ ಬೆಳಗಿನ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ, ಬುಟ್ಟಿ ಹೊತ್ತು ಹನ್ನೊಂದು ಮನೆಗಳಿಗೆ ಮೀನು ಕೊಡುತ್ತಿದ್ದಳು. ಆ ಹನ್ನೊಂದೂ ಅಜ್ಜಿಯಿಂದ ಅವಳಿಗೆ ಬಂದ ಮನೆಗಳು. ಬೇರೆಯವರು ಗದ್ದೆ ತೋಟ ಎಂದು ಹೇಳಿದ ಹಾಗೆ ನಾವು 'ನಮ್ಮ ಮನೆಗಳು' ಎನ್ನುತ್ತಿದ್ದೆವು. ಒಬ್ಬಳ ಮನೆಯ ಅಂಗಳದಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವಂತಿಲ್ಲ. ಆದರೆ ಮೂರು ವಾರ ಬರಿಗೈಯಲ್ಲಿ ಹೋದರೆ ಮನೆಯವರು ಯಾರನ್ನು ಬೇಕಾದರೂ ಕರೆಯಬಹುದು. ಆಮೇಲೆ ಎದೆ ಬಡಿದುಕೊಂಡರೂ ಆ ಮನೆ ತಿರುಗಿ ಬರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡ ಬೋಟುಗಳು ಆಳದಲ್ಲೇ ಮೀನಿನ ಹಿಂಡನ್ನು ಸುತ್ತುಹಾಕಿ ಎತ್ತಿಕೊಂಡು ಹೋಗುವ ಕಾಲ ಶುರುವಾಗಿತ್ತು. ದಡಕ್ಕೆ ಬಂಗುಡೆಯೂ ಇಲ್ಲ, ಬೂತಾಯಿಯೂ ಇಲ್ಲ. ಇಡೀ ಬೆಳಗು ಹಗ್ಗ ಎಳೆದು ಅಂಗೈ ಸುಲಿದರೆ ಬಲೆಯಲ್ಲಿ ಕಸ, ಲೋಳೆಮೀನು, ನಾಲ್ಕು ಏಡಿ. ಅಪ್ಪ ಬಲೆಗೆ ಬೈಯುತ್ತಿದ್ದರು, ಬೋಟಿನವರಿಗೆ ಬೈಯುತ್ತಿದ್ದರು, ಕೊನೆಗೆ ಏನೂ ಸಿಗದೆ ನಮ್ಮ ಬೆಕ್ಕಿಗೆ ಬೈಯುತ್ತಿದ್ದರು.

ಅಮ್ಮನ ಬಲಮೊಣಕಾಲು ಆ ಹೊತ್ತಿಗೆ ಮಡಚುತ್ತಿರಲಿಲ್ಲ. ಮಣಿಪಾಲಕ್ಕೆ ಹೋಗಿ ತೋರಿಸಿದ್ದೆವು. ಭಾರ ಹೊರಬೇಡಿ, ಏರು ಹತ್ತಬೇಡಿ ಎಂದರು ಡಾಕ್ಟರು. ಕಾರ್ಕಳದಲ್ಲಿ ಏರು ಹತ್ತದೆ ಹೋಗಲು ರೆಕ್ಕೆ ಬೇಕು. ನಾನು ಆಗ ಇಪ್ಪತ್ತೆರಡರವಳು, ಮದುವೆಯಾಗಿ ಎರಡು ವರ್ಷಕ್ಕೇ ತವರಿಗೆ ವಾಪಸು ಬಂದವಳು. ಆ ಪುಣ್ಯಾತ್ಮನ ವಿಷಯ ಇಲ್ಲಿ ಬೇಡ, ಬರೆಯಲು ಕೂತರೆ ಕಾಗದ ಹೊಲಸಾಗುತ್ತದೆ. ಅಮ್ಮನಿಗೆ ನನ್ನದೊಂದೇ ಚಿಂತೆ. "ದೀಪಾವಳಿಗೆ ಮನೆಗಳನ್ನು ನಿನಗೆ ಬಿಡ್ತೇನೆ. ಹನ್ನೊಂದು ಮನೆ ಉಂಟಾದರೆ ನೀನು ಯಾರ ಬಾಯಿ ನೋಡುವುದೂ ಬೇಡ" ಎಂದಿದ್ದಳು. ಹಾಗಾಗಿ ಮನೆಯವರಿಗೆಲ್ಲ ನನ್ನ ಮುಖ ಗುರುತಾಗಲಿ ಎಂದು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು.

ಹನ್ನೊಂದರಲ್ಲಿ ಮುಖ್ಯವಾದದ್ದು ಏರಿನ ತುದಿಯ ಮನೆ. ಅದರ ಯಜಮಾನಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಸೊಸೆಯನ್ನು ಸಣ್ಣಕ್ಕ. ದೊಡ್ಡಕ್ಕ ಕೊಂಡರೆ ಉಳಿದ ಹತ್ತು ಮನೆಯವರೂ ಕೊಳ್ಳುತ್ತಿದ್ದರು. ಅವರು ಬೇಡ ಎಂದರೆ ಯಾರಿಗೂ ಬೇಡ. ಎರಡು ವಾರ ನಾವು ಖಾಲಿ ಕೈಯಲ್ಲಿ ಮುಖ ತೋರಿಸಿ ಬಂದಿದ್ದೆವು. ಎರಡನೆಯ ವಾರ ದೊಡ್ಡಕ್ಕ ಜಗಲಿಯಲ್ಲಿ ನಿಂತೇ ಹೇಳಿದರು: "ಬರುವ ಆದಿತ್ಯವಾರ ಕಡಿಯಾಳಿಯಿಂದ ಬೀಗರು ಬರ್ತಾರೆ. ಊಟಕ್ಕೆ ಎಂತದಾದರೂ ತಾ. ಸೈಕಲ್ಲಿನಲ್ಲಿ ಮಂಜುಗಡ್ಡೆ ಪೆಟ್ಟಿಗೆ ಕಟ್ಟಿಕೊಂಡು ಮಲ್ಪೆಯ ಒಬ್ಬ ಗೇಟಿನವರೆಗೆ ಬಂದು ಹೋಗಿದ್ದಾನೆ. ನಾನು ಇನ್ನೂ ಕರೆಯಲಿಲ್ಲ." ಅವರು ಕೆಟ್ಟವರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೆ.

ಶನಿವಾರ ಮಧ್ಯಾಹ್ನ ಬಲೆ ಮೇಲೆ ಬಂತು. ಒಂದು ಸಾರಿಗಾಗುವಷ್ಟೂ ಮೀನಿಲ್ಲ. ತಳದಲ್ಲಿ ಮುಷ್ಟಿಗಿಂತ ದೊಡ್ಡ ಶಂಖಗಳು, ಜೀವ ಇದ್ದವು. ಗಂಡಸರು ಅವನ್ನು ಕಾಲಿನಿಂದ ನೀರಿಗೆ ಒದೆಯುತ್ತಿದ್ದರು. ಅಮ್ಮ ಕುಂಟುತ್ತಾ ಹೋಗಿ ಸೆರಗಿನಲ್ಲಿ ಆರಿಸತೊಡಗಿದಳು. ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಅದನ್ನು ತಿನ್ನುವುದು ಏನೂ ಸಿಗದ ಮಳೆಗಾಲದಲ್ಲಿ, ಕಾಪುವಿನ ಬಂಡೆಗಳ ಕಡೆ ಹೋಗಿ ಹೆಕ್ಕಿ ತಂದು, ಬಾಗಿಲು ಹಾಕಿಕೊಂಡು.

"ಇದನ್ನು ದೊಡ್ಡಕ್ಕನಿಗೆ ಕೊಡುವುದಾ? ಶಂಖ ನೋಡಿದರೆ ಅವರು ಕೈ ಮುಗಿದಾರು" ಎಂದೆ.

"ಚಿಪ್ಪು ಯಾರು ತೋರಿಸ್ತಾರೆ?" ಎಂದಳು ಅಮ್ಮ. "ಮಾಂಸ ಬಿಡಿಸಿ, ಹೂವಿನ ಹಾಗೆ ಮಾಡಿ ಕೊಡುವಾ. ದೇವರ ಕೋಣೆಯ ಶಂಖ ಬೇರೆ, ಇದು ಬೇರೆ. ಸುಮ್ಮನೆ ಕೂತರೆ ಸೈಕಲ್ಲಿನವ ಬರ್ತಾನೆ."

ಬಿಸಿಲು ಇಳಿಯುವ ಮೊದಲೇ ಕೆಲಸಕ್ಕೆ ಕೂತೆವು. ತುದಿಯ ಸುರುಳಿಯಿಂದ ಮೂರನೇ ಸುತ್ತಿನ ಮೇಲೆ ಕಲ್ಲಿನಿಂದ ಒಂದೇ ಏಟು ಹೊಡೆದು ತೂತು ಮಾಡಬೇಕು. ಅಲ್ಲಿಂದ ಸಣ್ಣ ಕತ್ತಿ ತೂರಿಸಿದರೆ ಮಾಂಸ ಚಿಪ್ಪಿಗೆ ಅಂಟಿದ ಜಾಗ ಸಿಗುತ್ತದೆ. ಅದನ್ನು ಕೊಯ್ದು, ಬಾಯಿಯ ಕಡೆಯ ಗಟ್ಟಿ ಮುಚ್ಚಳ ಹಿಡಿದು ತಿರುಚಿ ಎಳೆದರೆ ಇಡೀ ಪ್ರಾಣಿ ಹೊರಗೆ ಬರುತ್ತದೆ. ಏಟು ತಪ್ಪಿದರೆ ಚಿಪ್ಪಿನ ಚೂರು ಮಾಂಸದೊಳಗೆ ಹೊಕ್ಕು, ತಿನ್ನುವವರ ಹಲ್ಲು ಹೋಗುತ್ತದೆ. ನನ್ನ ಮೊದಲ ನಾಲ್ಕು ಏಟೂ ತಪ್ಪಿದವು. "ನಿನ್ನ ಗಂಡನ ತಲೆ ಅಂತ ತಿಳಿದು ಹೊಡಿ" ಎಂದಳು ಅಮ್ಮ. ಐದನೆಯದು ಸರಿಯಾಗಿ ಬಿತ್ತು.

ಬಾಲದ ಕಡೆಯ ಕಪ್ಪು ಕರುಳನ್ನು ಕಿತ್ತು ಎಸೆಯಬೇಕು. ಆಮೇಲೆ ಲೋಳೆ. ಅದು ಹೋಗುವುದೆಂದರೆ ಜನ್ಮಾಂತರದ ಪಾಪ ಹೋದ ಹಾಗೆ. ಬೂದಿ ಹಾಕಿ ತಿಕ್ಕಿದೆವು, ಉಪ್ಪು ಹುಣಸೆಹುಳಿ ಹಾಕಿ ತಿಕ್ಕಿದೆವು, ತೌಡು ಹಾಕಿ ತಿಕ್ಕಿದೆವು. ತೊಳೆದಷ್ಟೂ ನೊರೆ ಬರುತ್ತಿತ್ತು. ಕೈಯ ಗೀರುಗಳಿಗೆಲ್ಲ ಉಪ್ಪು ಹೊಕ್ಕು ನನಗೆ ಕಣ್ಣಲ್ಲಿ ನೀರು. ನೊರೆ ನಿಂತ ಮೇಲೆ ಹೊರಗಿನ ಕಪ್ಪು ಸಿಪ್ಪೆಯನ್ನು ಹೆರೆದು ತೆಗೆದು, ಬಿಳಿ ಮಾಂಸವನ್ನು ತೆಳ್ಳಗೆ ಸೀಳಿ, ಬಾಳೆಲೆಯ ನಡುವೆ ಇಟ್ಟು ಒನಕೆಯ ಬುಡದಿಂದ ಬಡಿದೆವು. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಪ್ರಯೋಜನವಿಲ್ಲ. ತುಂಡನ್ನು ಎತ್ತಿ ಹಿಡಿದರೆ ಒದ್ದೆ ಬಟ್ಟೆಯ ಹಾಗೆ ಜೋಲಬೇಕು. ಬೆಳಗ್ಗೆ ಎದ್ದು ಕಾಯಿ ಪಪ್ಪಾಯಿ ಅರೆದು ಸವರಿ, ಬಾಳೆಲೆಯಲ್ಲಿ ಕಟ್ಟಿ ಬುಟ್ಟಿಗಿಟ್ಟೆವು. ಅಮ್ಮ ಒಂದೊಂದು ತುಂಡನ್ನೂ ಬೆರಳಲ್ಲಿ ಚಿವುಟಿ ನೋಡಿದಳು. ಅವಳ ತುಟಿ ಅಲುಗುತ್ತಿದ್ದುದು ಪ್ರಾರ್ಥನೆಗೋ ಬೈಗುಳಕ್ಕೋ ತಿಳಿಯಲಿಲ್ಲ.

ನಾವು ಏರು ಹತ್ತಿ ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಬುಟ್ಟಿ ಇಳಿಸಿದೆವು. ದೊಡ್ಡಕ್ಕ ಬಂದು ನೋಡಿದರು.

"ಎಂತ ಇದು?"

"ಸಮುದ್ರದ ಶಂಖದ ಮಾಂಸ ದೊಡ್ಡಕ್ಕ. ಕೋಳಿ ಇದರ ಎದುರು ನಿಲ್ಲುವುದಿಲ್ಲ. ಮಸಾಲೆ ಕುದಿಯುವಾಗ ಹಾಕಿ, ಎರಡು ಕುದಿಗೆ ಇಳಿಸಿದರೆ ಬೆಣ್ಣೆ."

ಅವರು ಮೂಸಿ ನೋಡಿದರು. ವಾಸನೆ ಇರಲಿಲ್ಲ. ಬೀಗರು ಬರುವ ದಿನ, ಮನೆಯಲ್ಲಿ ಬೇರೇನೂ ಇಲ್ಲ. ಆಗಲಿ ಎಂದರು. ಅಮ್ಮ ನನ್ನ ಕೈಯನ್ನು ಹಿಡಿದು ಒತ್ತಿದಳು.

ಒಳಗೆ ಸಣ್ಣಕ್ಕ ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಕುದಿಸಿದರು. ಹೊರಗೆ ಅಮ್ಮ ಅಡುಗೆಕೋಣೆಯ ಕಿಟಕಿಯ ಕೆಳಗೆ, ಗೋಡೆಗೆ ಒರಗಿ ಒಂದೇ ಕಾಲಿನ ಮೇಲೆ ನಿಂತಳು. ಕಿಟಕಿ ಎತ್ತರದಲ್ಲಿತ್ತು. ಅವಳಿಗೆ ಪಾತ್ರೆ ಕಾಣುತ್ತಿರಲಿಲ್ಲ. ಶಬ್ದ ಕೇಳಿಯೇ ಅಡುಗೆ ಮಾಡಿಸಿದಳು.

"ಈಗ ಹಾಕಿ ಸಣ್ಣಕ್ಕಾ. ಹಾಂ. ಮುಚ್ಚಬೇಡಿ. ಒಂದು ಕುದಿ ಬಂತು ಅಲ್ವಾ? ಸೌಟು ಆಡಿಸಿ. ಎರಡನೆಯದು ಬಂತು. ಇಳಿಸಿ, ಇಳಿಸಿ."

ಪಾತ್ರೆ ಇಳಿದ ಶಬ್ದ ಕೇಳಲಿಲ್ಲ. ಬದಲಿಗೆ ದೊಡ್ಡಕ್ಕನ ದನಿ ಕೇಳಿಸಿತು. "ಇಷ್ಟರೊಳಗೆ ಎಂತ ಬೇಯ್ತದೆ? ಬೀಗರ ಹೊಟ್ಟೆ ಕೆಟ್ಟರೆ ಮರ್ಯಾದೆ ಯಾರದ್ದು ಹೋಗುವುದು? ಇರಲಿ, ಚೆನ್ನಾಗಿ ಕುದಿಯಲಿ."

"ದೊಡ್ಡಕ್ಕ, ಗಟ್ಟಿಯಾಗ್ತದೆ" ಎಂದಳು ಅಮ್ಮ. ಮೂರನೆಯ ಕುದಿ, ನಾಲ್ಕನೆಯ ಕುದಿ ನನಗೂ ಕೇಳಿಸಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ಅವಳ ಮುಖ ನೋಡಲಾಗುತ್ತಿರಲಿಲ್ಲ. ಹೆಚ್ಚು ಹೇಳಿದರೆ ದೊಡ್ಡಕ್ಕನಿಗೆ ಕೋಪ, ಹೇಳದಿದ್ದರೆ ಬೀಗರ ಬಾಯಿಗೆ ಅಟ್ಟೆ. ಉಗುಳಲಾರದ, ನುಂಗಲಾರದ ಬಿಸಿ ತುಪ್ಪ.

ಅವಳು ಮತ್ತೆ ಕಿಟಕಿಯ ಕಡೆ ಮುಖ ಎತ್ತಿದಳು. "ಆಯ್ತು ಸಣ್ಣಕ್ಕಾ, ಹಾಗಾದರೆ ಇಳಿಸಲೇಬೇಡಿ. ಸಣ್ಣ ಬೆಂಕಿಯಲ್ಲಿ ಎರಡು ಗಂಟೆ ಇಡಿ. ಬಿಸಿನೀರೇ ಹಾಕಬೇಕು, ತಣ್ಣೀರು ಬೇಡ. ಆಗಾಗ ತಳ ಕೆದಕಿ." ಸಣ್ಣಕ್ಕ ಹೂಂ ಎಂದರು. ಊಟ ಒಂದು ಗಂಟೆಗೆ. ಸಮಯ ಇತ್ತು. ಉಳಿದ ಮನೆಗಳಿಗೆ ಹೋಗದೆ ನಾವು ಅಲ್ಲೇ ಕೂತೆವು. ಈ ಮನೆಯ ಊಟ ಕೆಟ್ಟರೆ ಆ ಮನೆಗಳಿಗೆ ಹೋಗಿ ಆಗಬೇಕಾದದ್ದೂ ಇರಲಿಲ್ಲ.

ಬೀಗರು ಹನ್ನೊಂದೂವರೆಗೇ ಬಂದುಬಿಟ್ಟರು. ಮುಂದಿನ ಜಗಲಿಯಲ್ಲಿ ನಗು, ಮಾತು, ಬೆಲ್ಲ ನೀರು. ಸಣ್ಣಕ್ಕನಿಗೂ ಅಲ್ಲಿಂದಲೇ ಕರೆ. ಅಡುಗೆಕೋಣೆಯಲ್ಲಿ ನರಪಿಳ್ಳೆ ಇರಲಿಲ್ಲ. ಅಮ್ಮ ಕಿಟಕಿಯ ಕೆಳಗಿನಿಂದ "ಸಣ್ಣಕ್ಕಾ, ಸಣ್ಣಕ್ಕಾ" ಎಂದು ಪಿಸುದನಿಯಲ್ಲಿ ಕರೆದಳು. ಬೀಗರಿಗೆ ಕೇಳುವ ಹಾಗೆ ಕೂಗುವಂತಿರಲಿಲ್ಲ. ಅಷ್ಟರಲ್ಲಿ ನನ್ನ ಮೂಗಿಗೆ ಬಡಿಯಿತು, ಮಸಾಲೆ ತಳ ಹಿಡಿಯುವ ವಾಸನೆ. ಅಮ್ಮನಿಗೂ ಬಡಿದಿತ್ತು. ಅವಳು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. "ಹೋಯ್ತು ಮಗಾ. ನಿನ್ನ ಮನೆಗಳು ಹೋದವು" ಎಂದಳು.

ನನಗೆ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಎರಡು ಹೆಜ್ಜೆ ಆಚೆ ಪಾತ್ರೆ ಸುಡುತ್ತಿದೆ, ನಾವು ಇಲ್ಲಿ ನಿಂತು ಮೂಸುತ್ತಿದ್ದೇವೆ. ನಾನು ಎದ್ದೆ. ಅಮ್ಮ ನನ್ನ ಸೆರಗು ಹಿಡಿದಳು. "ಹೋಗಬೇಡ, ನಿನಗೆ ನನ್ನ ಆಣೆ." ಸೆರಗು ಬಿಡಿಸಿಕೊಂಡು ಹಿಂಬಾಗಿಲಿನಿಂದ ಒಳಗೆ ಹೋದೆ.

ಕೊಳ್ಳಿ ಹಿಂದಕ್ಕೆಳೆದೆ. ಅನ್ನಕ್ಕೆ ಇಟ್ಟಿದ್ದ ಬಿಸಿನೀರನ್ನು ಮೊಗೆದು ಹೊಯ್ದೆ. ತಳ ಕೆದಕದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಸುರಿದು ಮತ್ತೆ ಒಲೆಗಿಟ್ಟೆ. ಒಂದು ತುಂಡು ಅಗಿದು ನೋಡಿದರೆ ರಬ್ಬರು. ಕಿಟಕಿಯಿಂದ ಅಮ್ಮನ ದನಿ ಮೆಲ್ಲಗೆ ಬರುತ್ತಿತ್ತು: ನೀರು ಸ್ವಲ್ಪ, ಬೆಂಕಿ ಇನ್ನೂ ಸಣ್ಣ, ಮುಚ್ಚು. ಆಣೆ ಮೀರಿದ್ದಕ್ಕೆ ಬೈಯಲಿಲ್ಲ. ಅವಳೂ ನನ್ನ ಕೈಯ ಮೂಲಕ ಒಳಗೆ ಬಂದಿದ್ದಳು ಎಂದು ಈಗ ಅನ್ನಿಸುತ್ತದೆ. ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಹಾಗೆ ಕಾದೆ. ಸಣ್ಣಕ್ಕ ಒಮ್ಮೆ ಬಂದು, ನನ್ನನ್ನು ನೋಡಿ, ಪಾತ್ರೆ ನೋಡಿ, ಹೊರಟುಹೋದರು. ಕೊನೆಗೆ ಒಂದು ತುಂಡು ಸೌಟಿನ ಅಂಚಿಗೆ ತಾಗಿ ಎರಡಾಯಿತು. ಅಗಿದೆ. ಮೆತ್ತಗಾಗಿತ್ತು. ನಾನು ಅಲ್ಲೇ ನಿಂತು ಅತ್ತೆ.

ತಿರುಗಿದರೆ ಬಾಗಿಲಲ್ಲಿ ದೊಡ್ಡಕ್ಕ. ಅವರು ನನ್ನ ಕೈಯ ಸೌಟು ನೋಡಿದರು, ಒದ್ದೆ ಕಾಲುಗಳನ್ನು ನೋಡಿದರು. ದನಿ ಏರಿಸಲಿಲ್ಲ, ಮನೆ ತುಂಬ ಜನ. "ಹೊರಗೆ ಹೋಗು" ಎಂದರು.

ಬಡಿಸಿದರು. ಬೇರೆ ಅಡುಗೆ ಇರಲಿಲ್ಲವಲ್ಲ. ಹಿತ್ತಿಲಿಗೆ ಎಲೆ ಎಸೆಯಲು ಬಂದ ಸಣ್ಣಕ್ಕ ನಮ್ಮ ಕಡೆ ನೋಡಿ, "ಬೀಗರು ಎರಡು ಸಲ ಹಾಕಿಸಿಕೊಂಡರು" ಎಂದರು. ಅಮ್ಮನ ಮುಖ ಅರಳಿದ್ದನ್ನು ನಾನು ಆ ವರ್ಷದಲ್ಲಿ ನೋಡಿದ್ದು ಅದೊಂದೇ ಸಲ.

ಬೀಗರು ಕೈ ತೊಳೆದು ಜಗಲಿಗೆ ಹೋದ ಮೇಲೆ ದೊಡ್ಡಕ್ಕ ಬಂದರು. ಅಮ್ಮನ ಹತ್ತಿರ ಮಾತ್ರ ಮಾತಾಡಿದರು.

"ಒಳ್ಳೆಯದಿತ್ತು. ಮುಂದಿನ ವಾರವೂ ತಾ, ಇದಾದರೂ ಆದೀತು, ಮೀನಾದರೂ ಆದೀತು. ಸೈಕಲ್ಲಿನವನನ್ನು ಕರೆಯುವುದಿಲ್ಲ. ಆದರೆ ನೀನೇ ಬಾ. ಇವಳು ಬೇಡ. ಇಂದು ಅಡುಗೆಕೋಣೆಗೆ ಬಂದವಳು ನಾಳೆ ಎಲ್ಲಿಗೆ ಬರ್ತಾಳೋ. ನಮ್ಮಲ್ಲಿಗೆ ಮಾತ್ರ ಅಲ್ಲ, ಈ ಕಡೆಯ ಯಾವ ಮನೆಗೂ ಬೇಡ. ನಾನು ಹೇಳಿಡ್ತೇನೆ."

ನಾನು ಬಾಯಿ ತೆರೆದೆ. ಅಮ್ಮ ನನ್ನ ಕಾಲನ್ನು ತುಳಿದಳು. "ಆಗಲಿ ದೊಡ್ಡಕ್ಕ" ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಅದು ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಾಗಿ ಉಳಿದಿದೆ.

ತಿರುಗಿ ಬರುವ ಬಸ್ಸು ಬೆಳ್ಮಣ್ಣು ದಾಟಿತು. ಆಮೇಲೆ ಅಮ್ಮ ಮೊಣಕಾಲು ಒತ್ತಿಕೊಳ್ಳುತ್ತಾ, "ಮನೆಗಳು ಉಳಿದವಲ್ಲ ಮಗಾ" ಎಂದಳು.

"ಯಾರಿಗೆ?" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು.

ಅಮ್ಮ ಇನ್ನೂ ಆರು ವರ್ಷ ಆ ಏರು ಹತ್ತಿದಳು. ಚಿಪ್ಪು ಒಡೆಯುವುದು, ತಿಕ್ಕುವುದು, ಬಡಿಯುವುದು ಎಲ್ಲ ನಾನೇ ಮಾಡುತ್ತಿದ್ದೆ, ಅವಳಿಗಿಂತ ಚೆನ್ನಾಗಿಯೇ ಮಾಡುತ್ತಿದ್ದೆ. ಪಡುಬಿದ್ರಿಯ ತನಕ ಬುಟ್ಟಿ ಹೊತ್ತು, ಬಸ್ಸಿಗೆ ಹತ್ತಿಸಿ, ಅವಳ ಕಾಲಿನ ಹತ್ತಿರ ಇಡುತ್ತಿದ್ದೆ. ಕಂಡಕ್ಟರು ಸೀಟಿ ಊದಿದ ಮೇಲೆ ನಾನು ಇಳಿಯುತ್ತಿದ್ದೆ.